ಮಗ್ಗದ ಮುಂದಿನ ಮನುಷ್ಯ

‘ಮಾನವ ಸಂಪನ್ಮೂಲ’ ಎಂಬ ಮಾತು ಈಚೆಗೆ ಬಹಳವಾಗಿ ಬಳಕೆಗೆ ಬಂದಿದೆ. ದೊಡ್ಡ ಕಚೇರಿಗಳಲ್ಲಿ ಅದಕ್ಕೊಂದು ಪ್ರತ್ಯೇಕ ಇಲಾಖೆ, ಇಲಾಖೆಗೊಬ್ಬ ಮುಖ್ಯಾಧಿಕಾರಿ, ಕಾಲೇಜುಗಳಲ್ಲಿ ಅದಕ್ಕೊಂದು ಪಠ್ಯಕ್ರಮ. ವಾಣಿಜ್ಯಶಾಸ್ತ್ರದ ಉಪಾಧ್ಯಾಯನಾಗಿ ನಾನೂ ಈ ಮಾತನ್ನು ಕರಿಹಲಗೆಯ ಮೇಲೆ ನೂರಾರು ಸಲ ಬರೆದವನೇ. ಬರೆದಾಗಲೆಲ್ಲ ಮನಸ್ಸಿನಲ್ಲಿ ಏನೋ ಒಂದು ಮುಜುಗರ. ಸಂಪನ್ಮೂಲವೆಂದರೆ ಅದಿರು, ಕಲ್ಲಿದ್ದಲು, ಕಾಡು, ನೀರು. ಅಗೆದು, ಕಡಿದು, ಕಟ್ಟೆ ಕಟ್ಟಿ ನಮ್ಮ ಉಪಯೋಗಕ್ಕೆ ತಂದುಕೊಳ್ಳತಕ್ಕ ವಸ್ತು. ಅದಿರಿಗೆ ಅಭಿಪ್ರಾಯವಿಲ್ಲ; ಕಲ್ಲಿದ್ದಲು ಮುನಿಸಿಕೊಳ್ಳುವುದಿಲ್ಲ. ಮನುಷ್ಯನಾದರೋ ಮುನಿಸಿಕೊಳ್ಳುತ್ತಾನೆ. ಅದಕ್ಕಿಂತಲೂ ಕಷ್ಟದ ಸಂಗತಿಯೆಂದರೆ, ಮುನಿಸಿಕೊಂಡದ್ದನ್ನು ಬಾಯಿಬಿಟ್ಟು ಹೇಳದೆ ಸುಮ್ಮನಾಗಿಬಿಡುತ್ತಾನೆ.

ಈ ಸುಮ್ಮನಾಗುವಿಕೆಯನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯಲ್ಲಿಯೇ. ನಮ್ಮ ತಂದೆಯವರು ಬಯಲುಸೀಮೆಯ ಒಂದು ಬಟ್ಟೆಯ ಗಿರಣಿಯಲ್ಲಿ ನೇಯ್ಗೆಯ ಕೆಲಸದಲ್ಲಿದ್ದರು. ಬೆಳಗಿನ ಜಾವ ಗಿರಣಿ ಕೂಗುವುದಕ್ಕೆ ಮುಂಚೆಯೇ ಎದ್ದು, ತಂಗಳು ರೊಟ್ಟಿಯ ಗಂಟು ಕಟ್ಟಿಕೊಂಡು ಹೊರಡುವರು. ಕೈ ಚುರುಕು, ಕಣ್ಣು ಅದಕ್ಕಿಂತ ಚುರುಕು. ಕೇರಿಯಲ್ಲಿ ಯಾರ ಬಾವಿಯ ರಾಟೆ ಕಿರುಗುಟ್ಟಲಿ, ಯಾರ ಹೊಲಿಗೆಯ ಯಂತ್ರ ದಾರ ಕಡಿಯಲಿ, ಅವರು ಬಂದು ಕರೆಯುತ್ತಿದ್ದುದು ನಮ್ಮ ತಂದೆಯವರನ್ನು. ಒಮ್ಮೆ ಗಿರಣಿಯಲ್ಲಿ ಅವರ ಪಾಲಿನ ಮಗ್ಗವೊಂದರಲ್ಲಿ ಬಟ್ಟೆಯ ಒಂದು ಅಂಚಿನಲ್ಲಿ ಪದೇ ಪದೇ ಅದೇ ದೋಷ ಕಾಣಿಸಿಕೊಳ್ಳತೊಡಗಿತು. ನಾಲ್ಕು ದಿವಸ ನೋಡಿ ನೋಡಿ ಅದರ ಕಾರಣವನ್ನು ಕಂಡುಹಿಡಿದರು. ಸವೆದ ಒಂದು ಸಣ್ಣ ಬಿಡಿಭಾಗ. ಸಂತೋಷದಿಂದ ಹೋಗಿ ಜಾಬರನಿಗೆ ತಿಳಿಸಿದರು. ಅವನು ಕೊಟ್ಟ ಉತ್ತರವನ್ನು ಅಂದು ರಾತ್ರಿ ಊಟಕ್ಕೆ ಕುಳಿತಾಗ ನಮ್ಮ ತಾಯಿಯವರಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: “ನಿನ್ನ ಕೆಲಸ ಎಳೆ ಕಟ್ಟೋದು. ಮಗ್ಗದ ಕೆಲಸ ನನಗೆ ಬಿಡು.”

ಆಮೇಲೆ ತಂದೆಯವರು ಗಿರಣಿಯಲ್ಲಿ ಹದಿನೇಳು ವರ್ಷ ದುಡಿದರು. ಒಂದು ದಿನವೂ ತಡವಾಗಿ ಹೋದವರಲ್ಲ. ಹಾಜರಿಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಗುರುತಿರಲಿಲ್ಲ. ಆದರೆ ಮಗ್ಗದ ವಿಷಯವಾಗಿ ಯಾರಿಗೂ ಏನನ್ನೂ ಹೇಳಲಿಲ್ಲ. ಬಟ್ಟೆ ಕೆಟ್ಟರೆ ಕೆಟ್ಟಿತು; ಅವರು ಎಳೆ ಕಟ್ಟಿದರು. ಗಿರಣಿಗೆ ಆದ ಈ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲಿಯೂ ದಾಖಲಾಗಿರಲಾರದು. ತಂದೆಯವರಿಗೆ ಆದ ನಷ್ಟವಂತೂ ಸರಿಯೇ.

ಬಹಳ ವರ್ಷಗಳ ಮೇಲೆ, ಪಾಠ ಹೇಳುವ ಸಲುವಾಗಿ ಓದುತ್ತಿದ್ದಾಗ, ಎ. ಕೆ. ರೈಸ್ ಎಂಬವರು 1958ರಲ್ಲಿ ಪ್ರಕಟಿಸಿದ ಒಂದು ಇಂಗ್ಲಿಷ್ ಪುಸ್ತಕ ನನ್ನ ಕೈಗೆ ಬಂದಿತು. ಉತ್ಪಾದನೆ ಮತ್ತು ಸಮಾಜವ್ಯವಸ್ಥೆಗಳ ಸಂಬಂಧವನ್ನು ಕುರಿತದ್ದು. ಅಹಮದಾಬಾದಿನ ಪ್ರಯೋಗವೆಂದು ಅದರ ಉಪಶೀರ್ಷಿಕೆ. ಅಂಕಿಗಳೂ ನಕ್ಷೆಗಳೂ ತುಂಬಿದ ಆ ಶುಷ್ಕ ಗ್ರಂಥವನ್ನು ಓದುತ್ತ ಓದುತ್ತ ನನ್ನ ಕಣ್ಣು ತೇವವಾಯಿತೆಂದರೆ ಓದುಗರು ನಗಬಾರದು. ನಮ್ಮ ತಂದೆಯವರ ಕಥೆಯನ್ನೇ ಯಾರೋ ತಿರುಗುಮುರುಗು ಮಾಡಿ ಬರೆದಂತೆ ನನಗೆ ತೋರಿತು.

ಅಹಮದಾಬಾದು ದುಡಿಯುವವರ ಮತ್ತು ದುಡಿಸುವವರ ಸಂಬಂಧವನ್ನು ಕುರಿತು ಹಿಂದಿನಿಂದಲೂ ಯೋಚಿಸುತ್ತ ಬಂದ ಊರು. ಗಿರಣಿಯ ಕಾರ್ಮಿಕರ ಪರವಾಗಿ ಗಾಂಧೀಜಿ 1918ರಲ್ಲಿ ಉಪವಾಸ ಕುಳಿತದ್ದು ಇಲ್ಲಿಯೇ. ಆ ಮುಷ್ಕರದಲ್ಲಿ ಒಡೆಯರ ಕಡೆಯ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪಕ್ಷವನ್ನು ಹಿಡಿದವರು ಅವರ ಸ್ವಂತ ಅಕ್ಕ ಅನಸೂಯಾಬೆನ್. ಎರಡು ವರ್ಷಗಳ ತರುವಾಯ, 1920ರಲ್ಲಿ, ಮಜೂರ್ ಮಹಾಜನ ಸಂಘವು ಸ್ಥಾಪನೆಯಾಯಿತು. ಇದೇ ಸಾರಾಭಾಯಿ ಮನೆತನದ ಕ್ಯಾಲಿಕೊ ಗಿರಣಿಗೆ 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯಿಂದ ರೈಸ್ ಅವರು ಸಲಹೆಗಾರರಾಗಿ ಬಂದರು. ಅಂಬಾಲಾಲರ ಮಗ ಗೌತಮ್ ಸಾರಾಭಾಯಿ ಆಗ ಗಿರಣಿಯ ಮುಖ್ಯಸ್ಥರು.

ಗಿರಣಿಗೆ ಒದಗಿದ್ದ ತೊಡಕು ವಿಚಿತ್ರವಾದದ್ದು. ಹಿಂದಿನ ವರ್ಷ, ಎಂದರೆ 1952ರಲ್ಲಿ, ಒಂದು ಶಾಲೆಯಲ್ಲಿ 224 ಸ್ವಯಂಚಾಲಿತ ಮಗ್ಗಗಳನ್ನು ಹೂಡಿದ್ದರು. ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿದೊಡನೆ ಮಗ್ಗವನ್ನು ನಿಲ್ಲಿಸದೆಯೇ ಹೊಸ ಕಂಡಿಕೆ ತಾನಾಗಿ ಬಂದು ಕೂಡುವ ಯಂತ್ರ ಅದು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುವುದೆಂದು ಗಡಿಯಾರ ಹಿಡಿದು ಅಳೆದು, ಯಾರಿಗೆ ಎಷ್ಟು ಹೊರೆಯೆಂದು ಶಾಸ್ತ್ರೀಯವಾಗಿ ಗೊತ್ತುಮಾಡಿದ್ದರು. ಇಷ್ಟಾದರೂ ಹೊಸ ಮಗ್ಗದಿಂದ ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಮಗ್ಗ ನಿಲ್ಲದೆ ನಡೆದರೆ ಒಂದು ಪಾಳಿಯಲ್ಲಿ ಎಷ್ಟು ಹೊಕ್ಕು ಬೀಳಬಹುದೋ ಅದರಲ್ಲಿ ನೂರಕ್ಕೆ ಸುಮಾರು 80ರಷ್ಟು ಮಾತ್ರ ಬೀಳುತ್ತಿದ್ದಿತು. ದೋಷವಿದ್ದ ಬಟ್ಟೆ ನೂರಕ್ಕೆ ಸುಮಾರು 32 ಪಾಲು.

ಯಂತ್ರ ಹೊಸದು, ಆಳುಗಳು ಅನುಭವಸ್ಥರು, ಕೂಲಿಯಲ್ಲಿ ಮೋಸವಿಲ್ಲ. ಹಾಗಾದರೆ ತಪ್ಪು ಎಲ್ಲಿ? ರೈಸ್ ಅವರು ಯಂತ್ರವನ್ನೂ ನೋಡಲಿಲ್ಲ, ಮನುಷ್ಯನನ್ನೂ ನೋಡಲಿಲ್ಲ. ಅವೆರಡರ ನಡುವೆ ಕೆಲಸವನ್ನು ಹಂಚಿದ್ದ ಬಗೆಯನ್ನು ನೋಡಿದರು. ಆ ಶಾಲೆಯಲ್ಲಿ ಒಂದು ಪಾಳಿಗೆ 29 ಜನ. ಅವರ ನಡುವೆ 12 ಬಗೆಯ ಕೆಲಸ. ಕಡಿದ ಎಳೆಯನ್ನು ಕಟ್ಟುವ ನೇಯ್ಗೆಗಾರರು ಎಂಟು ಮಂದಿ. ಒಬ್ಬೊಬ್ಬನಿಗೆ 24 ಅಥವಾ 32 ಮಗ್ಗ. ಮಗ್ಗಕ್ಕೆ ಕಂಡಿಕೆಗಳನ್ನು ತುಂಬುವವರು ಐವರು. ಒಬ್ಬೊಬ್ಬನಿಗೆ 40ರಿಂದ 50 ಮಗ್ಗ. ಒಮ್ಮೆಲೇ ಹಲವು ಎಳೆಗಳು ಹರಿದು ಗೋಜಲಾದಾಗ ಬಿಡಿಸತಕ್ಕವರು ಮೂವರು. ಒಬ್ಬೊಬ್ಬನಿಗೆ 60ರಿಂದ 80 ಮಗ್ಗ. ಹೊಸ ಹಾಸನ್ನು ಏರಿಸುವವರು ಇಬ್ಬರು. ಕಂಡಿಕೆ ಹೊತ್ತು ತರುವವನು ಒಬ್ಬನೇ. ಎಣ್ಣೆ ಹಾಕುವವನು, ಕಸ ಗುಡಿಸುವವನು, ಜಾಬರು ಮೊದಲಾದವರು ಬೇರೆ.

ಪ್ರತಿಯೊಬ್ಬನ ಸರಹದ್ದೂ ಬೇರೆ ಬೇರೆ. ಲೆಕ್ಕ ಹಾಕಿ ನೋಡಿದರೆ, ಒಬ್ಬ ನೇಯ್ಗೆಗಾರನ ಪಾಲಿಗೆ ಬರುತ್ತಿದ್ದುದು ಕಂಡಿಕೆ ತುಂಬುವವನ ಎಂಟರಲ್ಲಿ ಐದು ಭಾಗ, ಗೋಜಲು ಬಿಡಿಸುವವನ ಎಂಟರಲ್ಲಿ ಮೂರು ಭಾಗ, ಹಾಸು ಏರಿಸುವವನ ಕಾಲು ಭಾಗ, ಕಂಡಿಕೆ ಹೊರುವವನ ಎಂಟನೆಯ ಒಂದು ಭಾಗ! ರೈಸ್ ಅವರ ಗ್ರಂಥದಲ್ಲಿ ಈ ಲೆಕ್ಕವನ್ನು ನೋಡಿ ಮೊದಲು ನಕ್ಕೆ. ಆಮೇಲೆ ನಗು ನಿಂತಿತು. ಮನುಷ್ಯನು ಎಂಟನೆಯ ಒಂದು ಭಾಗದ ಮನುಷ್ಯನೊಡನೆ ಸ್ನೇಹ ಮಾಡುವುದು ಹೇಗೆ? ಎಳೆ ಹರಿದು ಮಗ್ಗ ನಿಂತಾಗ, ಬಿಡಿಸತಕ್ಕವನು ಅದೇ ಹೊತ್ತಿಗೆ ಇನ್ನೊಬ್ಬ ನೇಯ್ಗೆಗಾರನ ಸಾಲಿನಲ್ಲಿರುತ್ತಿದ್ದ. ಅವನಿಗೆ ಇವನೂ ಬೇಕು, ಅವನೂ ಬೇಕು. ಎಂದರೆ ಯಾರೂ ಅವನವರಲ್ಲ. ಎಲ್ಲರೂ ಒಂದೇ ಬಟ್ಟೆಯನ್ನು ನೇಯುತ್ತಿದ್ದರು. ಆದರೆ ‘ಇದು ನಮ್ಮ ಬಟ್ಟೆ’ ಎಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ.

ರೈಸ್ ಅವರು ಮುಂದಿಟ್ಟ ಸೂಚನೆ ಸರಳವಾದದ್ದು. ಶಾಲೆಯನ್ನೇ ಭಾಗ ಮಾಡಿ, ಸುಮಾರು 64 ಮಗ್ಗಗಳನ್ನು ಏಳು ಜನರ ಒಂದು ಮೇಳಕ್ಕೆ ಒಪ್ಪಿಸುವುದು. ಆ ಮಗ್ಗಗಳಿಗೆ ಸಂಬಂಧಿಸಿದ ನೇಯ್ಗೆ, ತುಂಬುವುದು, ಬಿಡಿಸುವುದು, ಎಣ್ಣೆ ಹಾಕುವುದು ಎಲ್ಲಕ್ಕೂ ಆ ಏಳು ಜನರೇ ಹೊಣೆ. ಯಾರು ಯಾವಾಗ ಏನನ್ನು ಮಾಡಬೇಕೆಂಬುದನ್ನು ಅವರೇ ತಮ್ಮೊಳಗೆ ಗೊತ್ತುಮಾಡಿಕೊಳ್ಳತಕ್ಕದ್ದು. ಈ ವಿಚಾರ ಮೇಲಿನವರಿಂದ ಮೇಸ್ತ್ರಿಗಳಿಗೂ ಮೇಸ್ತ್ರಿಗಳಿಂದ ಕಾರ್ಮಿಕರಿಗೂ ತಿಳಿದಾಗ ನಡೆದದ್ದು ಯಾರೂ ಎದುರುನೋಡದ ಸಂಗತಿ. ಕಾರ್ಮಿಕರು ಅಪ್ಪಣೆಗಾಗಿ ಕಾಯಲಿಲ್ಲ. ತಮ್ಮ ತಮ್ಮಲ್ಲೇ ಮಾತಾಡಿಕೊಂಡು, ಯಾರ ಜೊತೆಗೆ ಯಾರು ಹೊಂದುವರೆಂದು ತಾವೇ ನೋಡಿ, ಮೇಳಗಳನ್ನು ಕಟ್ಟಿಕೊಂಡು ಬಂದರು. ಎಷ್ಟೋ ದಿನಗಳಿಂದ ಇದನ್ನೇ ಯಾರಾದರೂ ಕೇಳಲೆಂದು ಕಾದಿದ್ದವರಂತೆ!

ಆರಂಭವು ಸುಗಮವಾಗಿತ್ತೆಂದು ತಿಳಿಯಬಾರದು. ಹೊಸ ಹುರುಪಿನಲ್ಲಿ ಮಗ್ಗವನ್ನು ಓಡಿಸುವುದೇ ಮುಖ್ಯವಾಗಿ, ಅದರ ಆರೈಕೆಯತ್ತ ಗಮನ ಕಡಿಮೆಯಾಯಿತು; ಬಟ್ಟೆಯೂ ಕೆಟ್ಟಿತು. ಮೇಳಗಳು ಎಡವಿದವು, ಎದ್ದವು, ಕಲಿತವು. ವ್ಯವಸ್ಥೆ ನೆಲೆಗೊಂಡ ಮೇಲೆ ನೋಡಿದರೆ, 80ರ ಆಸುಪಾಸಿನಲ್ಲಿದ್ದ ಕಾರ್ಯಕ್ಷಮತೆ ಸುಮಾರು 95ಕ್ಕೆ ಏರಿದ್ದಿತು. 32ರಷ್ಟಿದ್ದ ದೋಷ ಸುಮಾರು 20ಕ್ಕೆ ಇಳಿದಿದ್ದಿತು. ಮಗ್ಗ ಅವೇ, ನೂಲು ಅದೇ ಗಿರಣಿಯದು, ಜನವೂ ಅವರೇ.

ಇಲ್ಲಿ ನನ್ನ ವಿದ್ಯಾರ್ಥಿಗಳು ತಪ್ಪದೆ ಒಂದು ಆಕ್ಷೇಪಣೆಯನ್ನು ಎತ್ತುತ್ತಾರೆ. “ಅವರಿಗೆ ಕೂಲಿಯೂ ಹೆಚ್ಚಾಯಿತಲ್ಲವೆ, ಸಾರ್? ಹಾಗಿದ್ದರೆ ಇದು ದುಡ್ಡಿನ ಮಹಿಮೆಯೇ ಹೊರತು ಮೇಳದ ಮಹಿಮೆ ಹೇಗಾದೀತು?” ಪ್ರಶ್ನೆ ನ್ಯಾಯವಾದದ್ದು. ಕೂಲಿ ಹೆಚ್ಚಾದದ್ದು ನಿಜ. ದುಡ್ಡಿಗೆ ಶಕ್ತಿಯಿಲ್ಲವೆಂದು ಹೇಳುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರು. ಅಮೆರಿಕೆಯ ಹೆನ್ರಿ ಫೋರ್ಡನ ಮೋಟಾರು ಕಾರ್ಖಾನೆಯಲ್ಲಿ 1913ರಲ್ಲಿ ಕೆಲಸ ಎಷ್ಟು ಬೇಸರದ್ದಾಗಿತ್ತೆಂದರೆ, ಸುಮಾರು 14,000 ಜನರನ್ನು ಕೆಲಸದಲ್ಲಿ ಉಳಿಸಿಕೊಳ್ಳಬೇಕಾದರೆ ಆ ಒಂದು ವರ್ಷದಲ್ಲಿ 52,000 ಜನರನ್ನು ಸೇರಿಸಿಕೊಳ್ಳಬೇಕಾಯಿತು. ಬಂದವರು ಬಂದ ಹಾಗೆಯೇ ಹೊರಟುಹೋಗುತ್ತಿದ್ದರು. 1914ರ ಜನವರಿಯಲ್ಲಿ ಫೋರ್ಡನು ದಿನಗೂಲಿಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿ ಐದು ಡಾಲರಿಗೆ ಏರಿಸಿದ. ದಿನದ ದುಡಿಮೆಯನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದ. ಕೆಲಸ ಬಿಟ್ಟು ಹೋಗುವವರ ಸಂಖ್ಯೆ ಥಟ್ಟನೆ ಕುಸಿಯಿತು. ಹಾಗೆಂದಮಾತ್ರಕ್ಕೆ ಕೆಲಸದ ಬೇಸರ ಹೋಯಿತೆಂದಲ್ಲ. ಅದನ್ನು ಸಹಿಸುವುದಕ್ಕೆ ತಕ್ಕ ಬೆಲೆ ದೊರೆಯಿತು, ಅಷ್ಟೆ. ಆ ಬೆಲೆಯ ಹಿಂದೆಯೂ ಒಂದು ಷರತ್ತು ಇದ್ದಿತು. ಕಾರ್ಮಿಕನು ಮನೆಯಲ್ಲಿ ಹೇಗೆ ಬಾಳುತ್ತಾನೆ, ಕುಡಿಯುತ್ತಾನೆಯೆ, ಹಣ ಕೂಡಿಡುತ್ತಾನೆಯೆ ಎಂದು ವಿಚಾರಿಸಲು ಕಂಪನಿಯವರು ಮನೆಮನೆಗೂ ಬರುತ್ತಿದ್ದರು. ಕೂಲಿ ಕೊಟ್ಟವನು ಅಡುಗೆಮನೆಯನ್ನೂ ಇಣುಕಿದ!

ದುಡ್ಡಲ್ಲದಿದ್ದರೆ ಆದರವೆ? ಇದಕ್ಕೂ ಒಂದು ಪ್ರಸಿದ್ಧ ದೃಷ್ಟಾಂತವಿದೆ. ಶಿಕಾಗೊ ನಗರದ ಬಳಿ ಹಾಥಾರ್ನ್ ಎಂಬಲ್ಲಿ ಟೆಲಿಫೋನಿನ ಉಪಕರಣಗಳನ್ನು ಮಾಡುತ್ತಿದ್ದ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಅನೇಕ ಪರೀಕ್ಷೆಗಳು ನಡೆದವು. ಮೊದಲು ದೀಪದ ಬೆಳಕನ್ನು ಹೆಚ್ಚಿಸಿ ನೋಡಿದರು; ಕೆಲಸ ಹೆಚ್ಚಾಯಿತು. ಬೆಳಕನ್ನು ಹೆಚ್ಚಿಸದೆ ಬಿಟ್ಟ ಕಡೆಯಲ್ಲಿಯೂ ಹೆಚ್ಚಾಯಿತು! 1927ರಿಂದ ಐವರು ಹೆಣ್ಣುಮಕ್ಕಳನ್ನು ಒಂದು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ, ನಡುನಡುವೆ ವಿಶ್ರಾಂತಿ ಕೊಟ್ಟು, ಅವರ ಅಭಿಪ್ರಾಯಗಳನ್ನು ಕೇಳುತ್ತ ಪರೀಕ್ಷಿಸಿದರು. ಉತ್ಪಾದನೆ ಏರುತ್ತಲೇ ಹೋಯಿತು. ಮನುಷ್ಯನನ್ನು ಯಾರಾದರೂ ಗಮನಿಸಿದರೆ ಸಾಕು, ಅವನು ಸಂತೋಷಗೊಂಡು ದುಡಿಯುತ್ತಾನೆಂಬ ಪಾಠವನ್ನು ಲೋಕವು ಇದರಿಂದ ಕಲಿತಿತು. ನಾನೂ ಇದನ್ನೇ ಬಹುಕಾಲ ಬೋಧಿಸಿದೆ. ಆಮೇಲೆ ತಿಳಿದದ್ದು: ಆ ಐವರಲ್ಲಿ ಇಬ್ಬರನ್ನು ಪರೀಕ್ಷೆಯ ನಡುವೆಯೇ ತೆಗೆದು, ಅವರ ಜಾಗದಲ್ಲಿ ಬೇರೆ ಇಬ್ಬರನ್ನು ತಂದಿದ್ದರು, ಕೂಲಿಯ ಪದ್ಧತಿಯನ್ನೂ ಆ ಪುಟ್ಟ ಗುಂಪಿನ ದುಡಿಮೆಗೆ ನೇರವಾಗಿ ಹೊಂದುವಂತೆ ಬದಲಾಯಿಸಿದ್ದರು. ಆದರದಿಂದ ಏನೂ ಆಗದೆಂದು ನಾನು ಹೇಳುವುದಿಲ್ಲ. ಆದರೆ ಬರಿಯ ಆದರ ಬೆನ್ನು ತಟ್ಟಿದ ಹಾಗೆ; ಕೈ ತೆಗೆದರೆ ಮುಗಿಯಿತು.

ಅಹಮದಾಬಾದಿನಲ್ಲಿ ಬದಲಾದದ್ದು ಕೆಲಸದ ಆಕಾರ. ಅಲ್ಲಿ ಯಾರೂ ಕಾರ್ಮಿಕರಿಗೆ ಉಪದೇಶ ಮಾಡಲಿಲ್ಲ, ಹಾರ ಹಾಕಲಿಲ್ಲ. ಒಂದು ಇಡಿಯ ಕೆಲಸವನ್ನು ಅವರ ಕೈಗೆ ಕೊಟ್ಟು, ಅದನ್ನು ಚೆನ್ನಾಗಿ ಮಾಡಲು ಬಿಟ್ಟರು. ತೃಪ್ತನಾದವನು ಚೆನ್ನಾಗಿ ದುಡಿಯುತ್ತಾನೆಂದು ನಾವು ಸಾಧಾರಣವಾಗಿ ಹೇಳುವುದುಂಟು. ನಮ್ಮ ತಂದೆಯವರನ್ನು ನೆನೆದರೆ ಆ ಮಾತನ್ನು ತಿರುಗಿಸಿ ಹೇಳಬೇಕೆನಿಸುತ್ತದೆ. ಯಾರದೋ ಹೊಲಿಗೆಯ ಯಂತ್ರವನ್ನು ಬಿಚ್ಚಿ, ದೋಷವನ್ನು ಕಂಡುಹಿಡಿದು, ಮತ್ತೆ ಕೂಡಿಸಿ, ದಾರ ಸರಾಗವಾಗಿ ಓಡಿದಾಗ ಅವರ ಮುಖದಲ್ಲಿ ಕಾಣುತ್ತಿದ್ದ ಸಮಾಧಾನ ಸಂಬಳದ ದಿನವೂ ಕಾಣುತ್ತಿರಲಿಲ್ಲ. ಅದಕ್ಕಾಗಿ ಅವರು ಒಂದು ಕಾಸನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ತೃಪ್ತಿಯನ್ನು ಹೊರಗಿನಿಂದ ತಂದು ತುಂಬಲಾಗದು. ಕೆಲಸ ಚೆನ್ನಾಗಿ ಆಗುವುದಕ್ಕೆ ಅನುವು ಮಾಡಿಕೊಟ್ಟರೆ ಅದು ಹಿಂದಿನಿಂದ ತಾನೇ ಬರುತ್ತದೆ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಓದುಗರಿಗೆ ಹಿತವಾದೀತು, ಸತ್ಯಕ್ಕೆ ಕುಂದಾದೀತು. ರೈಸ್ ಅವರ ಸಹೋದ್ಯೋಗಿಯಾಗಿದ್ದ ಎರಿಕ್ ಮಿಲ್ಲರ್ ಅವರು 1970ರಲ್ಲಿ ಅದೇ ಗಿರಣಿಯನ್ನು ಮತ್ತೆ ಪರಿಶೀಲಿಸಿ, 1975ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಒಂದು ಶಾಲೆಯಲ್ಲಿ ಮೇಳಗಳು ಹದಿನಾರು ವರ್ಷಗಳ ಮೇಲೂ ಹೆಚ್ಚುಕಡಿಮೆ ಮೊದಲಿನಂತೆಯೇ ನಡೆಯುತ್ತಿದ್ದವು. ಕೆಲಸದ ಮಟ್ಟವೂ ಉಳಿದುಬಂದಿದ್ದಿತು. ಬೇರೆ ಕಡೆಗಳಲ್ಲಿ ವ್ಯವಸ್ಥೆ ಸಡಿಲಗೊಂಡು, ಅವರವರ ಕೆಲಸ ಅವರವರಿಗೆ ಎಂಬ ಹಳೆಯ ದಾರಿಗೇ ಮರಳಿದ್ದಿತು. ಮೇಳವು ತನ್ನೊಳಗಿನ ಕೆಲಸವನ್ನು ನೋಡಿಕೊಳ್ಳಬಲ್ಲುದು. ಆದರೆ ಸರಿಯಾದ ನೂಲು ಬರುವಂತೆ, ಜನರ ಸಂಖ್ಯೆ ಕುಂದದಂತೆ, ಪೇಟೆಯ ಏರಿಳಿತ ನೇರವಾಗಿ ಮಗ್ಗದ ಮೇಲೆ ಬಂದು ಬೀಳದಂತೆ ನೋಡಿಕೊಳ್ಳತಕ್ಕವರು ಮೇಲಿನವರು. ಬೇಲಿಯನ್ನು ಕಾಯುವವನು ಮೈಮರೆತರೆ ಬೆಳೆ ಉಳಿಯದು. ಹೊಣೆಯನ್ನು ಕೆಳಗಿನವರಿಗೆ ವಹಿಸಿದೊಡನೆ ಮೇಲಿನವರ ಹೊಣೆ ತೀರಿತೆಂದು ಭಾವಿಸುವುದು ದೊಡ್ಡ ತಪ್ಪು. ಅದು ರೂಪ ಬದಲಾಯಿಸುತ್ತದೆ, ಅಷ್ಟೆ. ಕ್ಯಾಲಿಕೊ ಗಿರಣಿ ಇಂದು ಇಲ್ಲ. ಅಹಮದಾಬಾದಿನ ಎಷ್ಟೋ ಗಿರಣಿಗಳಂತೆ ಅದೂ ಮುಚ್ಚಿತು. ಮೇಳ ಕಟ್ಟಿದರೆ ಸಂಸ್ಥೆಗೆ ಅಳಿವಿಲ್ಲವೆಂದು ಯಾರೂ ಭ್ರಮಿಸಬಾರದು.

ಇಷ್ಟನ್ನೆಲ್ಲ ಓದಿ, ಬೋಧಿಸಿ, ಪರೀಕ್ಷೆಯಲ್ಲಿ ಪ್ರಶ್ನೆಯಾಗಿಯೂ ಕೇಳಿದ ನಾನು ಸ್ವತಃ ಮಾಡಿದ್ದೇನು? ಅದನ್ನು ಹೇಳದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ನಾನು ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ಕೆಲವು ವರ್ಷ ಪುಸ್ತಕಭಂಡಾರದ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿದ್ದಿತು. ಅಲ್ಲಿ ಬಹಳ ಕಾಲದಿಂದ ಒಬ್ಬ ಅಟೆಂಡರು ಇದ್ದರು. ಹೆಚ್ಚು ಓದಿದವರಲ್ಲ. ಆದರೆ ಯಾವ ಪುಸ್ತಕ ಯಾವ ಕಪಾಟಿನ ಯಾವ ಸಾಲಿನಲ್ಲಿದೆಯೆಂಬುದು ಅವರಿಗೆ ಬಾಯಿಪಾಠ. ಹುಡುಗರು ಬಂದು ಅರ್ಧ ಹೆಸರು ಹೇಳಿದರೆ ಪುಸ್ತಕವನ್ನು ತಂದು ಕೈಗಿಡುವರು; ಅದರ ಪಕ್ಕದಲ್ಲಿದ್ದ ಇನ್ನೊಂದನ್ನೂ ತಂದು, “ಇದನ್ನೂ ನೋಡಪ್ಪ” ಎನ್ನುವರು. ನಾನು ಅಧಿಕಾರ ವಹಿಸಿಕೊಂಡ ಹೊಸತರಲ್ಲಿ ವ್ಯವಸ್ಥೆಯನ್ನು ‘ಸುಧಾರಿಸಿದೆ’. ಚೀಟಿ ಪಡೆಯುವವರು ಒಬ್ಬರು, ಪುಸ್ತಕ ತರುವವರು ಒಬ್ಬರು, ಲೆಕ್ಕ ಬರೆಯುವವರು ಒಬ್ಬರು. ಅವರ ಪಾಲಿಗೆ ಕಪಾಟುಗಳನ್ನು ಒರೆಸುವ ಕೆಲಸ ಬಂದಿತು.

ಆರು ತಿಂಗಳಾದ ಮೇಲೆ ನೋಡುತ್ತೇನೆ, ಪುಸ್ತಕ ತೆಗೆದುಕೊಂಡು ಹೋಗುವ ವಿದ್ಯಾರ್ಥಿಗಳೇ ಕಡಿಮೆಯಾಗಿದ್ದಾರೆ. ಒಂದು ದಿನ ನನಗೇ ಒಂದು ಹಳೆಯ ಪುಸ್ತಕ ಬೇಕಾಯಿತು, ಯಾರಿಗೂ ಸಿಕ್ಕಲಿಲ್ಲ. ಅವರು ಪಕ್ಕದಲ್ಲಿಯೇ ಧೂಳು ಹೊಡೆಯುತ್ತಿದ್ದರು. “ನಿಮಗೆ ಗೊತ್ತಿರಬೇಕಲ್ಲ, ಎಲ್ಲಿದೆ?” ಎಂದು ಕೇಳಿದೆ. ಒಡನೆಯೇ ಹೋಗಿ ತಂದುಕೊಟ್ಟರು. “ಇಷ್ಟು ಹೊತ್ತು ಹುಡುಕಿದೆವಲ್ಲ, ಮೊದಲೇ ಹೇಳಬಾರದಾಗಿತ್ತೆ?” ಎಂದೆ. ಅವರು ನನ್ನ ಮುಖವನ್ನು ನೋಡದೆ, ಶಾಂತವಾಗಿ ಹೇಳಿದರು: “ನನ್ನ ಕೆಲಸ ಧೂಳು ಹೊಡೆಯೋದು, ಸಾರ್.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿದ್ದಿತು. ರೊಟ್ಟಿ ಮುರಿಯುತ್ತ ತಾಯಿಯವರಿಗೆ ಗಿರಣಿಯ ಸಂಗತಿಯನ್ನು ಹೇಳಿದ ನಮ್ಮ ತಂದೆಯವರ ಧ್ವನಿ ಅದೇ ಧ್ವನಿ. ಅಂದು ಆ ಜಾಬರನನ್ನು ಮನಸ್ಸಿನಲ್ಲಿಯೇ ಎಷ್ಟು ಶಪಿಸಿದ್ದೆನೋ! ಈಗ ನಾನೇ ಜಾಬರನಾಗಿ ನಿಂತಿದ್ದೆ. ಮರುದಿನವೇ ಅವರನ್ನೂ ಉಳಿದ ಇಬ್ಬರನ್ನೂ ಕರೆದು ಕೂರಿಸಿ, ಪುಸ್ತಕಭಂಡಾರ ಹೇಗೆ ನಡೆಯಬೇಕೆಂದು ನೀವೇ ಹೇಳಿರೆಂದು ಕೇಳಿದೆ. ಮೊದಲ ವಾರ ಯಾರೂ ಬಾಯಿಬಿಡಲಿಲ್ಲ. ಎರಡನೆಯ ವಾರ ಅವರು ಒಂದೇ ಒಂದು ಮಾತು ಹೇಳಿದರು: ಹೊಸ ಪುಸ್ತಕಗಳನ್ನು ಕಪಾಟಿನೊಳಗೆ ಬೀಗ ಹಾಕಿಡದೆ, ಒಂದು ತಿಂಗಳು ಬಾಗಿಲ ಬಳಿಯ ಮೇಜಿನ ಮೇಲೆ ಇಡಬೇಕು. ಇಟ್ಟೆವು. ಹುಡುಗರು ಬಂದರು.

ಅವರು ನಿವೃತ್ತರಾಗುವವರೆಗೆ ಆ ಮೇಜು ಅಲ್ಲಿಯೇ ಇದ್ದಿತು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿದಾಗ ಅವರು ಹೆಚ್ಚು ಮಾತಾಡಲಿಲ್ಲ. ಹೊರಡುವಾಗ ಮೇಜಿನ ಬಳಿ ನಿಂತು, ಅಡ್ಡಾದಿಡ್ಡಿಯಾಗಿದ್ದ ಎರಡು ಪುಸ್ತಕಗಳನ್ನು ನೆಟ್ಟಗೆ ಮಾಡಿ, “ಇದನ್ನು ತೆಗೀಬೇಡಿ, ಸಾರ್” ಎಂದರು.